ಭಾನುವಾರದ ಸರಪಳಿ

ಈ ಮಾತನ್ನು ನಾನು ಹಗಲು ಹೊತ್ತು ಎತ್ತುವುದಿಲ್ಲ. ಎತ್ತಿದರೆ ಗಿರಾಕಿ ನಗುತ್ತಾನೆ, ನಕ್ಕ ಗಿರಾಕಿ ಬಂದ ಕೆಲಸ ಮರೆತು ಮೊಳೆ ಕೊಳ್ಳದೆ ಹೋಗುತ್ತಾನೆ. ಈಗ ಅಂಗಡಿ ಬಾಗಿಲು ಹಾಕಿದೆ. ಕೇಳಿ.

ಇದು ನಡೆದದ್ದು ಪೆನಿನಾಗೆ. ನನ್ನ ಕಬ್ಬಿಣದ ಅಂಗಡಿಯ ಹಿಂದಿನ ಮನೆಯವಳು. ಸಮೋವಾ ದ್ವೀಪದಿಂದ ಬಂದವಳು. ನಮ್ಮ ಊರು ಬಾಲ್ಕೆರಿಯ ಕುರಿಮಾಂಸದ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ, ಹೆಚ್ಚಾಗಿ ರಾತ್ರಿ ಪಾಳಿ.

ಒಂದು ಶನಿವಾರ ನಡುರಾತ್ರಿ ಪಾಳಿ ಮುಗಿಸಿ ಒಬ್ಬಳೇ ನಡೆದು ಬರುತ್ತಿದ್ದಳು. ಲಾರಿ ರಸ್ತೆ ಬಿಟ್ಟು ಪಾರ್ಕಿನ ಒಳಗೆ ಹಾದರೆ ಮನೆ ಹತ್ತಿರ. ಅಲ್ಲಿ ಮ್ಯಾಕ್ರೊಕಾರ್ಪ ಅನ್ನುವ ದಟ್ಟ ಸೂಜಿ ಎಲೆಯ ಮರಗಳ ಸಾಲು... ಮಧ್ಯಾಹ್ನವೂ ಕೆಳಗೆ ಕತ್ತಲೆ. ಬುಡದಲ್ಲಿ ಹಳೆಯ ಬಾವಿ, ಅದರ ಮೇಲೆ ತುಕ್ಕು ತಿಂದ ಕೈಪಂಪು. ಗಾಳಿ ಬಂದರೆ ಪಂಪಿನ ಹಿಡಿ ತಾನಾಗೇ ಅಲ್ಲಾಡುತ್ತದೆ. ಕ್ರೀಂ... ಕ್ರೀಂ... ಆ ಸದ್ದು ಅವಳಿಗೆ ರೂಢಿ.

ಆವತ್ತು ಗಾಳಿ ಇರಲಿಲ್ಲ. ಪಂಪು ಸುಮ್ಮನಿತ್ತು.

ಬೇರೆ ಸದ್ದು. ಝಣ... ನಿಂತಿತು. ಝಣ ಝಣ... ಮತ್ತೆ ನಿಂತಿತು. ಕೊಳವೆಯ ಮೇಲೆ ಸರಪಳಿ ಎಳೆದ ಹಾಗೆ. ಆಮೇಲೆ ಸಣ್ಣಗೆ, ಅಚ್ಚುಕಟ್ಟಾಗಿ... ಟಕ್.

ಜೋಕಾಲಿ ಕಂಬದ ಕೆಳಗೆ ಒಬ್ಬ ಮುದುಕ, ಅವಳ ಕಡೆಗೆ ಬೆನ್ನು. ಚಪ್ಪಟೆ ಟೋಪಿ, ಮೊಣಕಾಲಿನವರೆಗೆ ಕೋಟು.

"ಯಾರದು?" ಜೋರಾಗಿ ಕೇಳಬೇಕು ಅಂತಿದ್ದಳಂತೆ. ಬಂದದ್ದು ಪಿಸುಮಾತು.

ಅವನು ತಿರುಗಲಿಲ್ಲ. "ಶನಿವಾರ ಮುಗೀತು. ಮನೆಗೆ ಹೋಗವ್ವ," ಅಂದ. ಅದೂ ಪಿಸುಮಾತೇ.

ಅವಳು ಹೋದಳು. ಪಾರ್ಕಿನ ಕಮಿಟಿಯಲ್ಲಿ ಚಪ್ಪಟೆ ಟೋಪಿಯ ಮುದುಕರಿಗೆ ಬರವೇನಿರಲಿಲ್ಲ. ಯಾರೋ ಒಬ್ಬರು ಅಂದುಕೊಂಡು, ಮಗಳ ಪಕ್ಕ ಮಲಗಿ ನಿದ್ದೆ ಮಾಡಿದಳು.

ಕಮಿಟಿಯ ವಿಷಯ ಹೇಳಿಬಿಡುತ್ತೇನೆ. ಆ ಪಾರ್ಕನ್ನು ಊರು ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಮುಳ್ಳುಪೊದೆ ಆಳೆತ್ತರ ಬೆಳೆದಿತ್ತು. ಬ್ಯಾಂಡಿನವರು ಬಾರಿಸುತ್ತಿದ್ದ ಮಂಟಪದಲ್ಲಿ ಯಾರದೋ ಕುರಿಗಳು ಮಳೆಗೆ ನಿಲ್ಲುತ್ತಿದ್ದವು. ಜೋಕಾಲಿಯದ್ದು ಬರೀ ಕಂಬ ಉಳಿದಿತ್ತು. ಕೌನ್ಸಿಲ್‌ನವರು ಜಾಗವನ್ನು ಲಾರಿ ನಿಲ್ಲಿಸಲು ಮಾರಿಬಿಡೋಣ ಅಂತ ಹೊರಟಾಗ ಎಫಿ ಮ್ಯಾಕರ್ಸಿ ಎದ್ದು ನಿಂತಳು. ಎಫಿ ಅಂದರೆ ನಮ್ಮ ಊರಿನ ಹಳೇ ಪೋಸ್ಟ್‌ಮಾಸ್ತರಿಣಿ. ವಯಸ್ಸಾಗಿದೆ, ನಾಲಗೆಗೆ ಆಗಿಲ್ಲ. "ನಾನು ಸತ್ತ ಮೇಲೆ ಲಾರಿ ನಿಲ್ಲಿಸ್ಕೊಳ್ಳಿ, ಬೇಕಾದ್ರೆ ನನ್ನ ಮೇಲೇ ನಿಲ್ಲಿಸ್ಕೊಳ್ಳಿ," ಅಂದಳು. ಕೊನೆಗೆ ಕೌನ್ಸಿಲ್ ಒಂದು ಮಾತಿಗೆ ಒಪ್ಪಿತು. ಚಳಿಗಾಲ ಮುಗಿಯುವುದರೊಳಗೆ ಊರವರೇ ಪಾರ್ಕನ್ನು ಸರಿಮಾಡಬೇಕು. ಇನ್ಸ್‌ಪೆಕ್ಟರು ಬಂದು ಜೋಕಾಲಿ ಮಕ್ಕಳು ಆಡಲು ಲಾಯಕ್ಕು ಅಂತ ಸಹಿ ಹಾಕಬೇಕು. ಸಹಿ ಬಿದ್ದರೆ ಪಾರ್ಕು, ಬೀಳದಿದ್ದರೆ ಲಾರಿ.

ಎಫಿಗೆ ಅದು ಹಟ. ಪೆನಿನಾಗೆ ಹಟವಲ್ಲ. ಅವಳ ಮಗಳು ಲಾಗಿ, ಇನ್ನೂ ಶಾಲೆಗೆ ಸೇರದ ಕೂಸು, ಆಡಲು ಬೇರೆ ಜಾಗವಿಲ್ಲದೆ ರಸ್ತೆ ಬದಿಯಲ್ಲಿ ಆಡುತ್ತಿದ್ದಾಗ ಕುರಿ ತುಂಬಿದ ಲಾರಿಯ ಬದಿ ಬಡಿದು ತೋಳು ಮುರಿದಿತ್ತು. ಒಂದು ಗೇಣು ಈಚೆ ನಿಂತಿದ್ದರೆ ತಲೆ. ಲಾರಿಯವನು ನಿಲ್ಲಿಸಲೂ ಇಲ್ಲ. ಆವತ್ತಿನಿಂದ ಪೆನಿನಾ ಪಾಳಿ ಮುಗಿಸಿ ಬಂದು, ನಿದ್ದೆ ಬಿಟ್ಟು, ಮುಳ್ಳು ಕಡಿದಳು. ಕೈಗವಸು ನನ್ನ ಅಂಗಡಿಯದೇ. ಎರಡು ಜೊತೆ ಹರಿದುಹಾಕಿದಳು.

ಅವಳು ಬಾರದಿದ್ದದ್ದು ಭಾನುವಾರ ಮಾತ್ರ. ಅದೇ ದಿನ ಕಮಿಟಿಯ ಶ್ರಮದಾನ. ಶನಿವಾರ ಗಂಡಸರಿಗೆಲ್ಲ ರಗ್ಬಿ, ಉಳಿದ ದಿನ ಹೊಲ, ಕಾರ್ಖಾನೆ. ಭಾನುವಾರವೇ ಎಲ್ಲರಿಗೂ ಬಿಡುವು. ಸಮೋವಾದವರಿಗೆ ಹಾಗಲ್ಲ. ಬಿಳಿ ಬಟ್ಟೆ, ಚರ್ಚು, ಊಟ, ಮಲಗುವುದು. ಕೈಯಲ್ಲಿ ಗುದ್ದಲಿ ಹಿಡಿಯುವ ಮಾತೇ ಇಲ್ಲ.

"ಏನಮ್ಮ, ದೇವರು ನಿನ್ನ ಹಾಜರಿ ತಗೋತಾನಾ?" ಅಂತ ಎಫಿ ಕೆಣಕುತ್ತಿದ್ದಳು.

"ತಗೋತಾನೆ ಎಫಿ ಅಮ್ಮ. ನಿಮ್ಮದೂ ಕೂಗ್ತಾನೆ, ನಿಮಗೆ ಕಿವಿ ಕೇಳ್ಸಲ್ಲ," ಅನ್ನುತ್ತಿದ್ದಳು ಪೆನಿನಾ.

ಆ ಶನಿವಾರದ ಮರುದಿನ ನಾವು ಶ್ರಮದಾನಕ್ಕೆ ಹೋದಾಗ ಜೋಕಾಲಿ ನೋಡಿ ನಿಂತೆವು. ಹೊಸ ಹಲಗೆ, ಹೊಸ ಸರಪಳಿ, ಎಲ್ಲ ನಾನೇ ಒದಗಿಸಿದ್ದು, ಹಿಂದಿನ ದಿನ ಅಂಗಡಿ ಮುಚ್ಚಿದ ಮೇಲೆ ನಾನೇ ತೂಗುಹಾಕಿದ್ದು. ಹಲಗೆಗಳನ್ನು ಮೇಲಿನ ಅಡ್ಡಕೊಳವೆಗೆ ಸುತ್ತಿ, ಅದರ ಮೇಲೆ ಇನ್ನೊಂದು ಸರಪಳಿ ಬಿಗಿದು, ಬೀಗ ಜಡಿದಿತ್ತು.

"ಪಡ್ಡೆ ಹುಡುಗರ ಕೆಲಸ," ಅಂದರು ಎಲ್ಲರೂ. ನಾನು ಬೋಲ್ಟ್ ಕಟ್ಟರ್ ತಂದು ಕತ್ತರಿಸಿದೆ. ಬಿದ್ದ ಸರಪಳಿಯನ್ನು ಕೈಗೆ ತೆಗೆದುಕೊಂಡಾಗ ಮಾತ್ರ ನನಗೆ ಸರಿ ಕಾಣಲಿಲ್ಲ. ನಾನು ಸರಪಳಿ ಮಾರಿ ಹೊಟ್ಟೆ ಹೊರೆದವನು. ಇದು ಯಂತ್ರದಲ್ಲಿ ಮಾಡಿದ್ದಲ್ಲ. ಒಂದೊಂದು ಕೊಂಡಿಯೂ ಕುಲುಮೆಯಲ್ಲಿ ಬಡಿದು ಕೂಡಿಸಿದ್ದು. ತುಕ್ಕು ಹಿಡಿಯದಂತೆ ಕುರಿಕೊಬ್ಬು ಸವರಿತ್ತು. ಹಾಗೆ ಸವರುವವರು ಈಗ ಯಾರಿದ್ದಾರೆ? ಎಣ್ಣೆ ಡಬ್ಬ ನನ್ನಲ್ಲೇ ಸಿಗುತ್ತದೆ.

ಕತ್ತರಿಸಿದ ಸರಪಳಿಯನ್ನು ಬೆಂಚಿನ ಮೇಲೆ ಇಟ್ಟೆ. ಚಹಾ, ಚೀಸ್ ರೋಲು ಮುಗಿಸಿ ಬಂದು ನೋಡಿದರೆ... ಇರಲಿಲ್ಲ. ಯಾರೋ ತಗೊಂಡು ಹೋದರು ಅಂದುಕೊಂಡೆವು. ಮುಂದಿನ ಭಾನುವಾರ ಅದೇ ಸರಪಳಿ, ಅದೇ ಬೀಗ. ನಾನು ಕತ್ತರಿಸಿದ್ದ ಕೊಂಡಿ ಮತ್ತೆ ಬೆಸೆದಿತ್ತು. ಸುತ್ತಿಗೆ ಏಟಿನ ಗುರುತು ಹೊಸದಾಗಿತ್ತು.

"ನಿಂದೇ ಕೆಲಸ ಇರಬೇಕು ಕಣೋ ಬೀಗದ ವ್ಯಾಪಾರಿ," ಅಂದ ಒಬ್ಬ. "ಬೀಗ ಹಾಕೋನೂ ನೀನೇ, ಕತ್ತರಿ ಮಾರೋನೂ ನೀನೇ."

ಎಲ್ಲರೂ ನಕ್ಕರು. ಎಫಿ ನಗಲಿಲ್ಲ. ಸರಪಳಿಯನ್ನು ಮೂಸಿ ನೋಡಿದಳು. ಆಮೇಲೆ ಬೆಂಚಿನ ಮೇಲೆ ಕೂತುಬಿಟ್ಟಳು.

"ಟಲ್ಲಕ್," ಅಂದಳು, ಯಾರದೋ ಹೆಸರು.

ನಾನು ಅವಳ ಪಕ್ಕ ಕೂತೆ. ಉಳಿದವರು ಕೆಲಸಕ್ಕೆ ಹೋದ ಮೇಲೆ, ದನಿ ತಗ್ಗಿಸಿ ಹೇಳಿದಳು.

"ನಾವು ಚಿಕ್ಕವರಿದ್ದಾಗ ಪಾರ್ಕು ಕಾಯೋನು. ಪಂಪಿನ ಹತ್ರ ಆ ಗುಡಿಸಲಿದೆಯಲ್ಲ, ಅಲ್ಲೇ ಇರ್ತಿದ್ದ. ಭಾನುವಾರ ಮಕ್ಕಳು ಆಡೋದು ಪಾಪ ಅಂತ ಊರಿನ ಕಾನೂನು ಆಗ. ಶನಿವಾರ ಸೂರ್ಯ ಮುಳುಗೋ ಹೊತ್ತಿಗೆ ಬಂದು ನಮ್ಮನ್ನ ಒಬ್ಬೊಬ್ಬರನ್ನೇ ಎತ್ತಿ ಇಳಿಸಿ, ಜೋಕಾಲಿ ಕಟ್ಟಿ ಬೀಗ ಹಾಕೋನು. ಬೈತಿರ್ಲಿಲ್ಲ. 'ಶನಿವಾರ ಮುಗೀತು, ಮನೆಗೆ ಹೋಗಿ' ಅಷ್ಟೇ."

"ಆಮೇಲೆ?"

"ಆಮೇಲೆ ಒಂದು ಭಾನುವಾರ ಚರ್ಚು ಬಿಟ್ಟು ಬಂದ್ರೆ ಜೋಕಾಲಿ ಬಿಚ್ಚಿತ್ತು. ನಮಗೆ ಹಬ್ಬ. ಕತ್ತಲಾಗೋವರೆಗೆ ಆಡಿದ್ವಿ. 'ಟಲ್ಲಕ್ ಸತ್ತ, ಟಲ್ಲಕ್ ಸತ್ತ' ಅಂತ ಹಾಡು ಕಟ್ಕೊಂಡು ಆಡಿದ್ವಿ. ತಮಾಷೆಗೆ." ಅವಳು ಗುಡಿಸಲಿನ ಕಡೆ ನೋಡಲಿಲ್ಲ. "ಸೋಮವಾರ ಬಾಗಿಲು ಒಡೆದ್ರು. ಶನಿವಾರವೇ ಹೋಗಿದ್ದ. ಕುರ್ಚಿಯಲ್ಲಿ ಕೂತಿದ್ದ, ಸರಪಳಿ ತೊಡೆ ಮೇಲೆ. ಕಿಟಕಿ ನೋಡು... ಜೋಕಾಲಿ ಕಡೆಗೇ."

ನಾವು ಆ ಗುಡಿಸಲನ್ನು ಗುದ್ದಲಿ, ಸಲಾಕೆ ಇಡಲು ಬಳಸುತ್ತಿದ್ದೆವು. ಎಫಿ ಒಮ್ಮೆಯೂ ಅದರೊಳಗೆ ಕಾಲಿಟ್ಟಿರಲಿಲ್ಲ. ಸೋಮಾರಿ ಮುದುಕಿ ಅಂದುಕೊಂಡಿದ್ದೆ.

ಮರುದಿನ ಸಂಜೆ ಅಂಗಡಿ ಹಿಂದೆ ಪೆನಿನಾ ಸಿಕ್ಕಳು. ಹೇಳಿದೆ. ಅವಳು ಬಟ್ಟೆ ಒಣಹಾಕುತ್ತಿದ್ದವಳು ನಿಂತಳು.

"ಟೋಪಿ ಹಾಕ್ಕೊಂಡಿದ್ನಾ, ಸಾಹುಕಾರ್ರೇ?"

"ನನಗೇನು ಗೊತ್ತು? ನಾನು ನೋಡಿಲ್ಲ."

"ನಾನು ನೋಡಿದೀನಿ," ಅಂದಳು.

ಆಗ ಹೇಳಿದ್ದು, ನಾನು ಮೊದಲು ಹೇಳಿದೆನಲ್ಲ, ಆ ರಾತ್ರಿಯ ಮಾತು.

ಬೇರೆಯವಳಾಗಿದ್ದರೆ ಅಲ್ಲಿಂದ ಆ ದಾರಿ ಬಿಡುತ್ತಿದ್ದಳು. ಪೆನಿನಾ ಬಿಡಲಿಲ್ಲ. ಮುಂದಿನ ಶನಿವಾರ ಪಾಳಿ ಮುಗಿಸಿ ಬೇಕೆಂದೇ ಅದೇ ದಾರಿ ಹಿಡಿದಳು. ವ್ಯಾಪಾರದಲ್ಲಿ ಇದು ಸರಿಯಾದ ಕ್ರಮ. ತಕರಾರು ಯಾರದೋ ಅವರ ಹತ್ತಿರವೇ ಹೋಗಿ ಕೇಳಬೇಕು.

ಪಂಪು ಸುಮ್ಮನಿತ್ತು. ಝಣ... ಝಣ ಝಣ...

"ತಾತ," ಅಂದಳು. "ಈ ಜೋಕಾಲಿ ನನ್ನ ಮಗಳಿಗೆ ಬೇಕು. ರಸ್ತೆಯಲ್ಲಿ ಅವಳನ್ನ ಲಾರಿ ಹೊಡೆದಿದೆ."

ಸದ್ದು ನಿಂತಿತು.

"ಆರು ದಿನ ಅವಳದು," ಅಂತು ದನಿ.

"ಏಳನೆಯದು ನಿಮ್ಮದಾ?"

"ನಂದಲ್ಲ." ಝಣ... "ನಿಂದೂ ಅಲ್ಲ."

ಪೆನಿನಾಗೆ ಆ ಮಾತು ಹೊಸದಲ್ಲ. ಏಳನೆಯ ದಿನ ದೇವರದು ಅಂತ ಅವಳ ಊರಲ್ಲಿ ಅವಳ ಅಜ್ಜಿಯೂ ಹೇಳುತ್ತಿದ್ದಳಂತೆ.

"ಆಯ್ತು ತಾತ. ಭಾನುವಾರ ಯಾರೂ ಮುಟ್ಟಲ್ಲ. ನನ್ನ ಮಾತು."

ಟಕ್.

ಅವಳು ಕಮಿಟಿಗೆ ಬಂದು ಶ್ರಮದಾನವನ್ನು ಶನಿವಾರಕ್ಕೆ ಹಾಕಿಸಿದಳು. ಗಂಡಸರು ರಗ್ಬಿ ಹೋಯಿತು ಅಂತ ಗೊಣಗಿದರು. ಎಫಿ ಯಾವತ್ತೂ ಇಲ್ಲದ ಹಾಗೆ ತೆಪ್ಪಗೆ ಕೈ ಎತ್ತಿದಳು. ಹಾಗಾಗಿ ಆಯಿತು. ಭಾನುವಾರ ಸರಪಳಿ ಇರುತ್ತಿತ್ತು, ಸೋಮವಾರ ಬೆಳಗ್ಗೆ ಇರುತ್ತಿರಲಿಲ್ಲ. ನಾವು ಆ ಬಗ್ಗೆ ಮಾತಾಡುವುದನ್ನು ಬಿಟ್ಟೆವು. ಕೆಲಸ ನಡೆಯಿತು. ಇಬ್ಬರಿಗೂ ನಷ್ಟವಿಲ್ಲದ ಒಪ್ಪಂದ, ನನ್ನನ್ನು ಕೇಳಿದರೆ.

ಕೆಟ್ಟದ್ದು ಹವೆಯಿಂದ. ಇನ್ಸ್‌ಪೆಕ್ಟರು ಬರಬೇಕಾಗಿದ್ದ ವಾರ ಹಿಮ ಬಿದ್ದು ದಾರಿ ಮುಚ್ಚಿತು. ದಿನ ದಿನವೂ ನಾಳೆ ನಾಳೆ ಅಂದರು. ಸೋಮವಾರ ಕೌನ್ಸಿಲ್ ಸಭೆ, ಅಲ್ಲಿಗೆ ಗಡುವು ಮುಗಿಯುತ್ತಿತ್ತು. ಶನಿವಾರ ರಾತ್ರಿ ದಾರಿ ತೆರೆಯಿತು. ಇನ್ಸ್‌ಪೆಕ್ಟರು ಎಫಿಗೆ ಫೋನು ಮಾಡಿ, ನಾಳೆ ಬೆಳಗ್ಗೆ ಬರುತ್ತೇನೆ, ನಿಮಗೋಸ್ಕರ ನನ್ನ ರಜೆ ಹಾಳು ಮಾಡಿಕೊಂಡು, ಅಂದ.

ನಾಳೆ ಅಂದರೆ ಭಾನುವಾರ.

ಬೆಳಗ್ಗೆ ದೊಡ್ಡವರು ಅಂತ ನಾವು ಮೂವರೇ. ನೆಲವೆಲ್ಲ ಹೆಪ್ಪುಗಟ್ಟಿ, ಕಾಲಿಟ್ಟಲ್ಲಿ ಕರಕ್ ಕರಕ್. ಜೋಕಾಲಿಗೆ ಸರಪಳಿ ಬಿಗಿದಿತ್ತು. ನಾನು ಕಟ್ಟರ್ ಒಯ್ದಿದ್ದೆ. ಎಫಿಗೆ ಚಾಚಿದೆ.

"ನಾನು ಮುಟ್ಟಲ್ಲ," ಅಂದಳು. "ಆವತ್ತು ಆಡಿದ್ದೇ ಸಾಕು."

"ಹಾಗಾದ್ರೆ ನಾನೇ..."

"ಬೇಡಿ ಸಾಹುಕಾರ್ರೇ." ಪೆನಿನಾ. ಚರ್ಚಿಗೆ ಹೊರಟ ಬಿಳಿ ಬಟ್ಟೆಯಲ್ಲೇ ಬಂದಿದ್ದಳು, ಬಿಳಿ ಫ್ರಾಕಿನ ಲಾಗಿಯ ಕೈ ಹಿಡಿದುಕೊಂಡು. "ಮಾತು ಕೊಟ್ಟಿದ್ದು ನಾನು. ನೀವು ಕತ್ತರಿಸಿದ್ರೆ ಅದು ಕಳ್ಳತನ ಆಗುತ್ತೆ. ನಾನು ಕತ್ತರಿಸಿದ್ರೆ ಮಾತು ತಪ್ಪಿದ ಹಾಗೆ, ಅಷ್ಟೇ."

"ಎರಡರಲ್ಲಿ ಯಾವುದು ಹಗುರ?" ಅಂದೆ.

"ಹಗುರ ಯಾವುದೂ ಅಲ್ಲ. ಇವಳ ತಲೆ ಲಾರಿಗೆ ಸಿಗಬಾರದು."

ಕಟ್ಟರ್ ತಗೊಂಡಳು. ತನ್ನ ಭಾಷೆಯಲ್ಲಿ ಏನೋ ಅಂದಳು, ಹಿರಿಯರ ಮುಂದೆ ಹಾದುಹೋಗುವಾಗ ಅವರು ತಲೆ ತಗ್ಗಿಸಿ ಹೇಳುವ ಮಾತು. ಹಿಡಿ ಅದುಮಿದಳು. ಟಣ್. ಸರಪಳಿ ಜಾರಿ ಅವಳ ಮೈಮೇಲೆ ಹಾದು ಬಿತ್ತು. ಬಿಳಿ ಬಟ್ಟೆಯ ಮೇಲೆ ಉದ್ದಕ್ಕೆ ಕೊಬ್ಬಿನ ಕರೆ.

ಇನ್ಸ್‌ಪೆಕ್ಟರು ಬಂದ, ಎಳೆದು ನೋಡಿದ, ಬೋಲ್ಟು ತಿರುಗಿಸಿ ನೋಡಿದ, ತಾನೇ ಕೂತು ತೂಗಿದ. ಭಾರೀ ಆಳು. ಕೊಳವೆ ಜಗ್ಗಲಿಲ್ಲ. "ಗಟ್ಟಿ ಮಾಲು," ಅಂದ. ಅದು ನನ್ನ ಮಾಲು, ಗಟ್ಟಿಯಿರಲೇಬೇಕು. ಸಹಿ ಹಾಕಿದ. ಹೋಗುವಾಗ ಲಾಗಿಯ ಗಲ್ಲ ಹಿಂಡಿ, "ಮೊದಲ ಸವಾರಿ ನಿಂದೇ ಪುಟ್ಟಿ," ಅಂತ ಎತ್ತಿ ಕೂರಿಸಿ, ಒಂದು ಸಲ ತಳ್ಳಿ, ಕಾರು ಹತ್ತಿದ.

ಪೆನಿನಾ ತಡೆಯಲಿಕ್ಕೆ ಹೋದಳು. ಅಷ್ಟರಲ್ಲಿ ಕೂಸು ಮೇಲೆ ಹೋಗಿಯಾಗಿತ್ತು.

ಈಗ ನಾನು ಹೇಳುವುದು ಯಾರೋ ಹೇಳಿದ್ದಲ್ಲ. ನನ್ನ ಕಣ್ಣಲ್ಲಿ ನೋಡಿದ್ದು. ಕಿರ್ರ್... ಜೋಕಾಲಿ ಮುಂದೆ ಹೋಯಿತು. ಕಿರ್ರ್... ಹಿಂದೆ. ಮತ್ತೆ ಮುಂದೆ. ಹಿಂದಕ್ಕೆ ಪೂರಾ ಬರಲಿಲ್ಲ. ನಡುವೆ, ನೆಟ್ಟಗೆ, ನಿಂತುಬಿಟ್ಟಿತು. ತೂಗುವುದು ಮೆಲ್ಲಮೆಲ್ಲಗೆ ನಿಲ್ಲಬೇಕು ತಾನೇ? ಇದು ಹಾಗಲ್ಲ. ಯಾರೋ ಹಿಡಿದ ಹಾಗೆ. ಸದ್ದಿಲ್ಲ. ಲಾಗಿ ಹಲಗೆಯಿಂದ ಎದ್ದಳು... ಎದ್ದಳು ಅಂದರೆ ಮೇಲಕ್ಕೆ. ಕಾಲು ಗಾಳಿಯಲ್ಲಿ ಜೋತಿತ್ತು. ಮೆತ್ತಗೆ ನೆಲಕ್ಕೆ ಬಂದು ನಿಂತಳು.

ಎಫಿ ಅಳುತ್ತಿದ್ದಳು. 

"ಯಾರು ಇಳಿಸಿದ್ದು ಮಗಾ?" ಪೆನಿನಾ ಮೊಣಕಾಲೂರಿ ಕೇಳಿದಳು.

"ಟೋಪಿ ತಾತ."

"ಏನಂದ್ರು?"

"ಏನೂ ಇಲ್ಲ. ಕೈ ಬೆಚ್ಚಗಿತ್ತು."

ಫ್ರಾಕಿನ ಎರಡು ಕಂಕುಳಲ್ಲೂ ಕೊಬ್ಬಿನ ಕರೆ, ಅಂಗೈಯಗಲ. ಚರ್ಚಿನ ಗಂಟೆ ಹೊಡೆಯಿತು. ತಾಯಿ ಮಗಳು ಆ ಬಟ್ಟೆಯಲ್ಲೇ ಹೋದರು. ಕತ್ತರಿಸಿದ ಸರಪಳಿ ನೆಲದ ಮೇಲೆ ಇರಲಿಲ್ಲ.

ಸೋಮವಾರ ಕೌನ್ಸಿಲ್ ಒಪ್ಪಿತು. ಪಾರ್ಕು ಉಳಿಯಿತು. ಈಗ ನೋಡಿ, ಮಂಟಪಕ್ಕೆ ಬಣ್ಣ ಹೊಡೆದಿದೆ, ಹುಲ್ಲು ಕತ್ತರಿಸಿದೆ, ವಾರವಿಡೀ ಮಕ್ಕಳ ಗಲಾಟೆ. ಭಾನುವಾರವೂ. ಜೋಕಾಲಿಗೆ ಸರಪಳಿ ಬಿದ್ದದ್ದು ಆವತ್ತೇ ಕೊನೆ. ಎಫಿ ಒಂದು ದಿನ ಗುಡಿಸಲಿನ ಕಿಟಕಿ ಒರೆಸಿ, ಹೂವಿನ ಕುಂಡ ಇಟ್ಟು ಬಂದಳು. ಮುಗಿಯಿತು ಅಂದುಕೊಂಡೆವು.

ಸಹಿ ಬಿದ್ದ ಅದೇ ವಾರದ ಶನಿವಾರ ಪೆನಿನಾ ಪಾಳಿ ಮುಗಿಸಿ ಅದೇ ದಾರಿಯಲ್ಲಿ ಬಂದಳು. ಮರಗಳ ಕೆಳಗೆ ನಿಂತು ಕೇಳಿದಳು. ಪಾರ್ಕಿನಲ್ಲಿ ಏನೂ ಇಲ್ಲ. ಜೀವ ತಣ್ಣಗಾಯಿತಂತೆ. ಬೇಲಿ ದಾಟಿ ತನ್ನ ಬೀದಿಗೆ ತಿರುಗಿದಳು.

ಝಣ... ಝಣ ಝಣ...

ಮುಂದಿನಿಂದ. ಅವಳ ಮನೆಯ ಗೇಟಿನಿಂದ.

ಟಕ್.

ಗೇಟಿನ ಹತ್ತಿರ ಯಾರೂ ಇರಲಿಲ್ಲ. ಸರಪಳಿ ಬಿಗಿದಿತ್ತು. ಅವಳು ಬೇಲಿ ಹಾರಿ ಒಳಗೆ ಹೋಗಿ ಮಗಳನ್ನು ತಬ್ಬಿಕೊಂಡು ಕೂತಿದ್ದಳು, ಬೆಳಗಾಗುವವರೆಗೆ. ಬೆಳಗ್ಗೆ ನನ್ನನ್ನು ಕೂಗಿದಳು. ಹೋಗಿ ನೋಡಿದೆ. ಅವಳು ಕತ್ತರಿಸಿದ್ದ ಕೊಂಡಿ, ಹೊಸದಾಗಿ ಬೆಸೆದದ್ದು.

"ಕತ್ತರಿಸ್ಲಾ?" ಅಂದೆ.

"ಬೇಡ." ಲಾಗಿ ಕಿಟಕಿಯಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಳು. "ನಾನು ಮಾತು ತಪ್ಪಿದೆ, ಸಾಹುಕಾರ್ರೇ. ಅವರು ತಪ್ಪಲಿಲ್ಲ. ಆರು ದಿನ ಅವಳದು ಅಂದಿದ್ರು, ಕೊಟ್ಟಿದಾರೆ."

"ಇವಳು ದೊಡ್ಡವಳಾದ ಮೇಲೆ?"

 ಅವಳು ಕಿಟಕಿಯ ಕಡೆ ನೋಡಿ ಅಂದಳು, "ಮನೆ ಬದಲಾಯಿಸಿದ್ರೆ ಬಿಡ್ತಾರೆ ಅಂತೀರಾ?"



ಆಗ ಚರ್ಚಿನ ಗಂಟೆ ಶುರುವಾಯಿತು. ನಾವಿಬ್ಬರೂ ಗಂಟೆಯ ಕಡೆ ತಿರುಗಿದ್ದೆವು. ಇತ್ತ ತಿರುಗಿದಾಗ ಸರಪಳಿ ಬಿಚ್ಚಿ, ಗೇಟಿನ ಕಂಬದ ಬುಡದಲ್ಲಿ ಸುರುಳಿ ಸುತ್ತಿ ಇಟ್ಟಿತ್ತು. ಅಂಗಡಿಯಲ್ಲಿ ನಾವು ಇಡುತ್ತೇವಲ್ಲ, ಹಾಗೆ ಓರಣವಾಗಿ. ಅವರು ಚರ್ಚಿಗೆ ಹೋಗಿ ಬಂದರು. ಬಾಗಿಲು ಹಾಕಿಕೊಂಡ ಮೇಲೆ ಮತ್ತೆ... ಟಕ್.

ಈಗಲೂ ಹಾಗೇ. ಲಾಗಿ ಶಾಲೆಗೆ ಹೋಗುತ್ತಾಳೆ, ಆರು ದಿನ ಜೋಕಾಲಿ ಅವಳದೇ. ಭಾನುವಾರ ಮಧ್ಯಾಹ್ನ ಪಾರ್ಕಿನಿಂದ ಬೇರೆ ಮಕ್ಕಳ ಕೂಗು ಕೇಳುತ್ತದೆ. ಅವಳು ಕಿಟಕಿಯಲ್ಲಿ ಇರುತ್ತಾಳೆ. ಒಮ್ಮೊಮ್ಮೆ ಗೇಟಿನ ಕಡೆ ಕೈಬೀಸುತ್ತಾಳೆ.

ನಂಬುವುದು ಬಿಡುವುದು ನಿಮ್ಮ ಇಷ್ಟ. ನಾನು ದೆವ್ವ ಮಾರುವವನಲ್ಲ, ಇದರಿಂದ ನನಗೆ ಲಾಭವೂ ಇಲ್ಲ. ಆದರೆ ಕಬ್ಬಿಣ ನನಗೆ ಗೊತ್ತು. ಹೋದ ಭಾನುವಾರ ನೆಲ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಅಂಥ ಬೆಳಗ್ಗೆ ಹೊರಗೆ ಬಿಟ್ಟ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಗಂಟೆ ಹೊಡೆದ ಮೇಲೆ ನಾನು ಹೋಗಿ, ಅವಳ ಗೇಟಿನ ಕಂಬದ ಬುಡದಲ್ಲಿದ್ದ ಸುರುಳಿಯನ್ನು ಬರಿಗೈಯಲ್ಲಿ ಎತ್ತಿ ನೋಡಿದೆ.

ಬೆಚ್ಚಗಿತ್ತು... ಈಗಷ್ಟೇ ಕೋಟಿನ ಜೇಬಿನಿಂದ ತೆಗೆದ ಹಾಗೆ.